ಕೊಳವೆಯೊಳಗಿನ ಪೆಟ್ಟು

ಅಮಾಸೆಬೈಲಿನ ಕಡೆ ತೋಟ ಇರುವವರಿಗೆಲ್ಲ ಗೊತ್ತಿರುವ ಸದ್ದೊಂದಿದೆ. ಹೊಳೆಬದಿಯ ಪಂಪು ಗುಡ್ಡದ ಮೇಲಿನ ಅಡಿಕೆ ತೋಟಕ್ಕೆ ನೀರು ತಳ್ಳುತ್ತಿರುತ್ತದೆ. ಇದ್ದಕ್ಕಿದ್ದ ಹಾಗೆ ಕರೆಂಟು ಹೋಗುತ್ತದೆ. ಮೋಟಾರಿನ ಸದ್ದು ಇಳಿದು ಒಂದೆರಡು ಕ್ಷಣ ಎಲ್ಲ ಸ್ತಬ್ಧ. ಆಮೇಲೆ ಪಂಪಿನ ಬುಡದಲ್ಲಿ ‘ಢಬ್’ ಎಂದು ಒಂದು ಪೆಟ್ಟು. ಪೈಪು ಕೂತಲ್ಲೇ ಒಮ್ಮೆ ಹಾರಿ ಬೀಳುತ್ತದೆ, ಮತ್ತೆರಡು ಸಣ್ಣ ಪೆಟ್ಟು ಕೇಳಿಸುತ್ತದೆ. ಅದೃಷ್ಟ ಕೆಟ್ಟಿದ್ದರೆ ಎಲ್ಲೋ ಒಂದು ಜಾಯಿಂಟು ಬಿಟ್ಟುಕೊಂಡಿರುತ್ತದೆ.

ಇದೇ ಸದ್ದಿನ ಮರಿ ಮನೆಯೊಳಗೂ ಇದೆ. ವಾಷಿಂಗ್ ಮೆಷಿನ್ ನೀರು ತುಂಬಿಕೊಂಡು ನಿಲ್ಲಿಸಿದ ಗಳಿಗೆಗೆ ಗೋಡೆಯೊಳಗಿಂದ ‘ಟಕ್’ ಎನ್ನುತ್ತದೆ. ಹೊರಗೆ ಹೊಸಂಗಡಿಯ ರಸ್ತೆಯಲ್ಲಿ ಸೈಲೆನ್ಸರ್ ಬದಲಿಸಿದ ಬೈಕೊಂದು ಹೋದರೆ ಅದರ ಅಬ್ಬರ ಕಣಿವೆ ತುಂಬುತ್ತದೆ. ನೀರಿನ ಪೈಪಿಗೂ ಬೈಕಿನ ಹೊಗೆ ಕೊಳವೆಗೂ ಎತ್ತಣ ಸಂಬಂಧ ಎನಿಸಬಹುದು. ಒಳಗೆ ನಡೆಯುವುದು ಮಾತ್ರ ಒಂದೇ. ಕೊಳವೆಯೊಳಗಿನ ಒತ್ತಡ ಥಟ್ಟನೆ ಬದಲಾಗುತ್ತದೆ, ಆ ಬದಲಾವಣೆ ಅಲೆಯಾಗಿ ಓಡುತ್ತದೆ, ನಿಧಾನವಾಗಲು ಅದಕ್ಕೆ ಸಮಯವಾಗಲಿ ಜಾಗವಾಗಲಿ ಸಿಗದಿದ್ದರೆ ಸದ್ದಾಗುತ್ತದೆ.

ಮೊದಲು ನೀರನ್ನು ನೋಡೋಣ. ಎರಡಿಂಚಿನ ಪೈಪು ಮುನ್ನೂರು ಮೀಟರ್ ಉದ್ದ ಇದ್ದರೆ ಅದರೊಳಗೆ ಸುಮಾರು 600 ಕೆ.ಜಿ. ನೀರು ಇರುತ್ತದೆ. ಅಷ್ಟೂ ನೀರು ಒಟ್ಟಾಗಿ ಸೆಕೆಂಡಿಗೆ ಒಂದೂವರೆ ಮೀಟರ್ ವೇಗದಲ್ಲಿ ಸಾಗುತ್ತಿದೆ ಎಂದಿಟ್ಟುಕೊಳ್ಳಿ. ವಾಲ್ವ್ ಮುಚ್ಚಿದ ಕೂಡಲೇ ಎದುರಿನ ನೀರು ನಿಲ್ಲುತ್ತದೆ, ಆದರೆ ಹಿಂದಿನ ನೀರಿಗೆ ಆ ಸುದ್ದಿ ಇನ್ನೂ ಮುಟ್ಟಿರುವುದಿಲ್ಲ. ಅದು ಬಂದು ಒತ್ತುತ್ತದೆ. ನೀರು ಸುಲಭಕ್ಕೆ ಕುಗ್ಗುವ ಪದಾರ್ಥವಲ್ಲ. ಅದರ ಗಾತ್ರ ನೂರಕ್ಕೆ ಒಂದರಷ್ಟು ಇಳಿಯಬೇಕಾದರೂ ವಾಯುಮಂಡಲದ ಇನ್ನೂರು ಪಟ್ಟಿಗಿಂತ ಹೆಚ್ಚು ಒತ್ತಡ ಬೇಕು. ಹಾಗಾಗಿ ಚಲನೆಯ ಶಕ್ತಿಯೆಲ್ಲ ಒತ್ತಡವಾಗಿ ಮಾರ್ಪಟ್ಟು, ‘ನಿಂತಿದೆ, ನಿಂತಿದೆ’ ಎಂಬ ಸುದ್ದಿಯನ್ನು ಹೊತ್ತು ಪೈಪಿನ ಇನ್ನೊಂದು ತುದಿಗೆ ಓಡುತ್ತದೆ. ಇದಕ್ಕೆ ಎಂಜಿನಿಯರುಗಳು ವಾಟರ್ ಹ್ಯಾಮರ್ ಎನ್ನುತ್ತಾರೆ.

ಸುದ್ದಿ ಓಡುವ ವೇಗ ಎಂದರೆ ನೀರಿನೊಳಗೆ ಶಬ್ದ ಓಡುವ ವೇಗವೇ. 1826ರಲ್ಲಿ ಜಿನೀವಾ ಸರೋವರದಲ್ಲಿ ಕೊಲಾಡಾನ್ ಮತ್ತು ಸ್ಟರ್ಮ್ ಎಂಬಿಬ್ಬರು ನೀರಿನೊಳಗೆ ಗಂಟೆ ಬಾರಿಸಿ ಅದನ್ನು ಅಳೆದರು: ಸೆಕೆಂಡಿಗೆ 1,435 ಮೀಟರ್. ಪೈಪಿನೊಳಗೆ ಇದು ಸ್ವಲ್ಪ ಕಡಿಮೆ, ಏಕೆಂದರೆ ಪೈಪಿನ ಗೋಡೆ ಕೂಡ ಒತ್ತಡಕ್ಕೆ ಹಿಗ್ಗುತ್ತದೆ. ಗಟ್ಟಿಯಾದ ಜಿ.ಐ. ಪೈಪಿನಲ್ಲಿ ಸುಮಾರು 1,200 ಮೀಟರ್, ಮೆತ್ತಗಿನ ಪಿವಿಸಿಯಲ್ಲಿ 400ರ ಆಸುಪಾಸು.

ಪೆಟ್ಟಿನ ಲೆಕ್ಕವನ್ನು ಖಚಿತವಾಗಿ ಹಾಕಿ ಪ್ರಯೋಗದಿಂದ ತೋರಿಸಿದವರು ರಷ್ಯಾದ ನಿಕೊಲಾಯ್ ಝುಕೋವ್‌ಸ್ಕಿ. ಮಾಸ್ಕೋ ನಗರದ ನೀರಿನ ಕೊಳವೆಗಳು ಒಡೆಯುತ್ತಿದ್ದ ಕಾಲ ಅದು. 1897–98ರಲ್ಲಿ ಅವರು ಬೇರೆ ಬೇರೆ ಗಾತ್ರದ ಕಬ್ಬಿಣದ ಪೈಪುಗಳಲ್ಲಿ ನೀರು ಹರಿಸಿ, ಥಟ್ಟನೆ ನಿಲ್ಲಿಸಿ, ಒತ್ತಡ ಅಳೆದರು. ಬಂದ ಸೂತ್ರ ಬಹಳ ಸರಳ: ನೀರಿನ ಸಾಂದ್ರತೆ, ಅಲೆಯ ವೇಗ, ಹರಿವಿನ ವೇಗದಲ್ಲಿ ಆದ ಇಳಿತ, ಈ ಮೂರನ್ನೂ ಗುಣಿಸಿದರೆ ಆಯಿತು. ಅಲೆ ಮರಳಿ ಬರುವ ರೀತಿಯನ್ನು ನೋಡಿ ಪೈಪು ಎಲ್ಲಿ ಸೋರುತ್ತಿದೆ ಎಂದು ಕಂಡುಹಿಡಿಯಬಹುದೆಂದೂ ಅವರು ತೋರಿಸಿದರು. ಮುಂದೆ ರಷ್ಯಾದ ವಿಮಾನ ವಿಜ್ಞಾನದ ಪಿತಾಮಹ ಎಂದು ಹೆಸರಾದವರೂ ಇವರೇ.

ಈ ಸೂತ್ರವನ್ನು ನಮ್ಮ ಊರಿನ ಪೈಪಿಗೆ ಹಚ್ಚಿ ನೋಡಿ. ಅಂಗಡಿಯಲ್ಲಿ ನಾಲ್ಕು ಕೆ.ಜಿ. ಪೈಪು, ಆರು ಕೆ.ಜಿ. ಪೈಪು ಎಂದು ಕೇಳಿ ತರುತ್ತೇವಲ್ಲ, ಅದು ತೂಕವಲ್ಲ. ಒಂದು ಚದರ ಸೆಂಟಿಮೀಟರಿಗೆ ಪೈಪು ತಡೆಯುವ ಒತ್ತಡ. ಗುಡ್ಡದ ಮೇಲಿನ ಒರತೆಗೆ ಪೈಪು ಹಾಕಿ ಮನೆಗೆ ಇಳಿಸಿಕೊಂಡ ನೀರು ಮೂವತ್ತು ಮೀಟರ್ ಎತ್ತರದಿಂದ ಬರುತ್ತಿದ್ದರೆ, ನಿಂತ ನೀರಿನ ಒತ್ತಡವೇ ಮೂರು ಕೆ.ಜಿ. ಆರು ಕೆ.ಜಿ. ಪೈಪಿಗೆ ಇದು ಲೆಕ್ಕಕ್ಕಿಲ್ಲ. ಆದರೆ ಸೆಕೆಂಡಿಗೆ ಒಂದೂವರೆ ಮೀಟರ್ ಓಡುವ ನೀರನ್ನು ಥಟ್ಟನೆ ನಿಲ್ಲಿಸಿದರೆ ಪಿವಿಸಿಯಲ್ಲಿ ಇನ್ನೂ ಆರು ಕೆ.ಜಿ. ಒತ್ತಡ ಅದರ ಮೇಲೆ ಬಂದು ಕೂರುತ್ತದೆ. ಒಟ್ಟು ಒಂಬತ್ತು. ಅದೇ ಜಿ.ಐ. ಪೈಪಾದರೆ ಪೆಟ್ಟೊಂದೇ ಹದಿನೆಂಟು ಕೆ.ಜಿ. ಜಿ.ಐ. ಅದನ್ನು ತಡೆದೀತು, ಆದರೆ ಅದರ ತುದಿಯ ನಲ್ಲಿ ತಡೆಯಬೇಕೆಂದಿಲ್ಲ.

ಇಲ್ಲಿ ‘ಥಟ್ಟನೆ’ ಎಂದರೆ ಎಷ್ಟು ಬೇಗ? ಇಡೀ ವಿಷಯದಲ್ಲಿ ನನಗೆ ತುಂಬ ಹಿಡಿಸುವ ಭಾಗ ಇದು. ಒತ್ತಡದ ಅಲೆ ವಾಲ್ವಿನಿಂದ ಹೊರಟು, ಮೇಲಿನ ತೊಟ್ಟಿಯನ್ನು ಮುಟ್ಟಿ, ಮರಳಿ ಬರುವಷ್ಟರೊಳಗೆ ವಾಲ್ವ್ ಮುಚ್ಚಿದರೆ ಪೂರ್ತಿ ಪೆಟ್ಟು ಬೀಳುತ್ತದೆ. ಅಲೆ ಮರಳಿದ ಮೇಲೂ ವಾಲ್ವ್ ಸ್ವಲ್ಪ ತೆರೆದೇ ಇದ್ದರೆ ಪೆಟ್ಟು ತಗ್ಗುತ್ತದೆ. ತಾರಸಿಯ ಟ್ಯಾಂಕಿನಿಂದ ಹನ್ನೆರಡು ಮೀಟರ್ ಇಳಿದ ಲೋಹದ ಪೈಪಿನಲ್ಲಿ ಅಲೆ ಹೋಗಿ ಬರಲು ಸೆಕೆಂಡಿನ ಐವತ್ತನೇ ಒಂದು ಪಾಲು ಸಾಕು. ಕೈಯಿಂದ ಅಷ್ಟು ಬೇಗ ನಲ್ಲಿ ಮುಚ್ಚಲು ಯಾರಿಂದಲೂ ಆಗದು. ವಾಷಿಂಗ್ ಮೆಷಿನ್ನಿನ ವಿದ್ಯುತ್ ವಾಲ್ವ್ ಮಾತ್ರ ಅದರ ಹತ್ತಿರಕ್ಕೆ ಬರುತ್ತದೆ. ಅದಕ್ಕೇ ಮನೆಯಲ್ಲಿ ಮೊದಲು ಸದ್ದು ಮಾಡುವುದು ಅದು. ಗುಡ್ಡದಿಂದ ಅರ್ಧ ಕಿಲೋಮೀಟರ್ ಪಿವಿಸಿ ಎಳೆದವರ ಕಥೆ ಬೇರೆ. ಅಲ್ಲಿ ಅಲೆ ಹೋಗಿ ಬರಲು ಎರಡೂವರೆ ಸೆಕೆಂಡು. ಕಾಲು ಸುತ್ತು ತಿರುಗಿಸಿದರೆ ಮುಚ್ಚಿಕೊಳ್ಳುವ ಬಾಲ್ ವಾಲ್ವ್ ಹಾಕಿದ್ದರೆ, ನೀವು ಮೆತ್ತಗೆ ಮುಚ್ಚಿದೆ ಅಂದುಕೊಂಡರೂ ನೀರಿನ ಲೆಕ್ಕದಲ್ಲಿ ಅದು ಥಟ್ಟನೆಯೇ. ಹತ್ತಾರು ಸುತ್ತು ತಿರುಗಿಸಬೇಕಾದ ಹಳೇ ಗೇಟ್ ವಾಲ್ವ್ ಕೈಗೆ ಕಿರಿಕಿರಿ, ಪೈಪಿಗೆ ಕ್ಷೇಮ. ಉದ್ದ ಲೈನಿಗೆ ಅದನ್ನೇ ಹಾಕಿಸಿ ಎಂದು ನಾನು ಒತ್ತಿ ಹೇಳುತ್ತೇನೆ.

ಹಿಂದೆ ಇದೇ ಗುಡ್ಡಗಳಿಂದ ಅಡಿಕೆ ಮರವನ್ನು ಸೀಳಿ, ತಿರುಳು ತೆಗೆದು, ದಂಬೆ ಮಾಡಿ ನೀರು ತರುತ್ತಿದ್ದರು. ದಂಬೆ ಒಂದು ದಿನವೂ ಹೀಗೆ ಹೊಡೆದದ್ದಿಲ್ಲ. ಅದಕ್ಕೆ ಮೇಲ್ಭಾಗ ತೆರೆದಿತ್ತು. ನೀರನ್ನು ಅಡ್ಡಗಟ್ಟಿದರೆ ಉಕ್ಕಿ ಚೆಲ್ಲುತ್ತಿತ್ತು, ಅಷ್ಟೆ. ನೀರನ್ನು ನಾಲ್ಕೂ ಕಡೆಯಿಂದ ಮುಚ್ಚಿದ ಮೇಲೆಯೇ ಈ ಪೆಟ್ಟು ಹುಟ್ಟಿದ್ದು.

ಕರೆಂಟು ಹೋದಾಗಿನ ‘ಢಬ್’ ಸ್ವಲ್ಪ ಬೇರೆ ಬಗೆಯದು. ಪಂಪು ನಿಂತರೂ ಪೈಪಿನಲ್ಲಿರುವ ನೀರು ಒಂದಿಷ್ಟು ಹೊತ್ತು ಮೇಲಕ್ಕೇ ಸಾಗುತ್ತದೆ. ಹಿಂದಿನಿಂದ ತಳ್ಳುವವರಿಲ್ಲದ ಕಾರಣ ಬುಡದಲ್ಲಿ ಒತ್ತಡ ಕುಸಿಯುತ್ತದೆ. ಆ ಒಂದೆರಡು ಕ್ಷಣದ ಮೌನ ಇದೇ. ಆಮೇಲೆ ನೀರಿನ ಕಂಬ ನಿಂತು, ಇಳಿಜಾರಿನಲ್ಲಿ ಹಿಂದಕ್ಕೆ ಬರಲು ತೊಡಗುತ್ತದೆ. ಅಷ್ಟರೊಳಗೆ ನಾನ್‌ರಿಟರ್ನ್ ವಾಲ್ವಿನ ಕದ ಮುಚ್ಚಿದ್ದರೆ ತೊಂದರೆ ಇಲ್ಲ. ಕದ ಜಡ್ಡುಗಟ್ಟಿ ತಡವಾದರೆ, ಹಿಂದೆ ಬರುವ ನೀರೇ ಅದನ್ನು ದೂಡಿ ಅಪ್ಪಳಿಸುತ್ತದೆ. ಹಾಗಾಗಿ ಪೆಟ್ಟು ದಿನೇ ದಿನೇ ಜೋರಾಗುತ್ತಿದ್ದರೆ ಪೈಪನ್ನಲ್ಲ, ಮೊದಲು ಆ ವಾಲ್ವನ್ನು ಬಿಚ್ಚಿ ನೋಡಬೇಕು. ಸ್ಪ್ರಿಂಗ್ ಇರುವ ವಾಲ್ವ್ ನೀರು ಹಿಂದಿರುಗುವ ಮೊದಲೇ ಮುಚ್ಚಿಕೊಳ್ಳುತ್ತದೆ.

ಮನೆಯ ಪೈಪಿನ ಎಲ್ಲ ಸದ್ದೂ ಇದೊಂದೇ ಅಲ್ಲ. ತಿರುಪಿನ ನಲ್ಲಿಯನ್ನು ಅರ್ಧ ತೆರೆದಾಗ ಮನೆಯಿಡೀ ‘ಗುಂಯ್’ ಎಂದರೆ ಒಳಗಿನ ವಾಷರ್ ಸಡಿಲಾಗಿ ನೀರಿನ ರಭಸಕ್ಕೆ ಅದುರುತ್ತಿದೆ. ಕೆಲವೇ ರೂಪಾಯಿಯ ಕೆಲಸ. ಟ್ಯಾಂಕು ತುಂಬುತ್ತ ಬಂದಾಗ ತಾಳಬದ್ಧವಾಗಿ ಡಬ್ ಡಬ್ ಎಂದರೆ ತೇಲುವ ವಾಲ್ವ್ ಅಲೆಗಳ ಮೇಲೆ ಕುಣಿದು, ಕ್ಷಣಕ್ಕೊಮ್ಮೆ ಮುಚ್ಚಿ ತೆರೆಯುತ್ತಿದೆ. ಬಿಸಿನೀರಿನ ಪೈಪು ಟಿಕ್ ಟಿಕ್ ಎನ್ನುವುದು ಹಿಗ್ಗುವುದರಿಂದ: ಹತ್ತು ಮೀಟರ್ ಸಿಪಿವಿಸಿ ಪೈಪು ನಲವತ್ತು ಡಿಗ್ರಿ ಬಿಸಿಯಾದರೆ ಎರಡೂವರೆ ಸೆಂಟಿಮೀಟರಿನಷ್ಟು ಉದ್ದವಾಗುತ್ತದೆ, ಕ್ಲ್ಯಾಂಪು ಬಿಗಿಯಿದ್ದರೆ ತಡೆತಡೆದು ಜಾರುತ್ತದೆ. ಬಿಟ್ಟು ಬಿಟ್ಟು ಬರುವ ಪಂಚಾಯತ್ ನಲ್ಲಿಯ ಬುಸುಗುಟ್ಟುವಿಕೆ ಬರೀ ಗಾಳಿ.

ವಾಟರ್ ಹ್ಯಾಮರನ್ನು ದೊಡ್ಡ ಪ್ರಮಾಣದಲ್ಲಿ ಪಳಗಿಸುವುದು ಹೇಗೆಂದು ಯೋಚಿಸಲು ಅಮಾಸೆಬೈಲಿನವರು ದೂರ ಹೋಗಬೇಕಿಲ್ಲ. ಪಕ್ಕದ ಹೊಸಂಗಡಿಯಲ್ಲೇ ವಾರಾಹಿಯ ಭೂಗರ್ಭ ವಿದ್ಯುದಾಗಾರ ಇದೆ. ಘಟ್ಟದ ಮೇಲೆ ಹೊಸನಗರ ತಾಲ್ಲೂಕಿನ ಮಾಣಿ ಅಣೆಕಟ್ಟಿನಲ್ಲಿ ತಡೆದ ನೀರು ನಾನೂರು ಮೀಟರಿಗೂ ಹೆಚ್ಚು ಕೆಳಗಿಳಿದು ತಲಾ 115 ಮೆಗಾವಾಟಿನ ನಾಲ್ಕು ಘಟಕಗಳನ್ನು ತಿರುಗಿಸುತ್ತದೆ. ನಾಲ್ಕೂ ಪೂರ್ತಿ ಓಡುವಾಗ ಸೆಕೆಂಡಿಗೆ ನೂರು ಟನ್ನಿಗೂ ಹೆಚ್ಚು ನೀರು. ಈಗ ಲೈನಿನಲ್ಲಿ ಏನೋ ದೋಷವಾಗಿ ವಿದ್ಯುತ್ ಭಾರ ಒಮ್ಮೆಲೇ ಕಳಚಿತು ಎನ್ನಿ. ನೀರು ನಿಲ್ಲಿಸದಿದ್ದರೆ ಚಕ್ರ ಹುಚ್ಚೆದ್ದು ತಿರುಗುತ್ತದೆ. ಥಟ್ಟನೆ ನಿಲ್ಲಿಸಿದರೆ ಕೊಳವೆ ಸೀಳಬಹುದು.

ಇಷ್ಟು ಎತ್ತರದ ನೀರಿಗೆ ಸಾಮಾನ್ಯವಾಗಿ ಬಳಸುವ ಪೆಲ್ಟನ್ ಚಕ್ರದಲ್ಲಿ ಇದಕ್ಕೊಂದು ಸೊಗಸಾದ ಉಪಾಯ ಇದೆ. ನೀರಿನ ಧಾರೆಯ ಎದುರು ಒಂದು ತಗಡು ಕ್ಷಣಮಾತ್ರದಲ್ಲಿ ಅಡ್ಡ ಬಂದು ಧಾರೆಯನ್ನು ಚಕ್ರದಿಂದ ಬೇರೆ ಕಡೆಗೆ ತಿರುಗಿಸುತ್ತದೆ. ಚಕ್ರಕ್ಕೆ ನೀರು ತಪ್ಪಿತು, ಕೊಳವೆಯಲ್ಲಿ ಹರಿವು ಮಾತ್ರ ಹಾಗೇ ಇದೆ. ಆಮೇಲೆ ಧಾರೆಯ ಬಾಯನ್ನು ಸಾವಕಾಶವಾಗಿ ಮುಚ್ಚುತ್ತಾರೆ. ಉದ್ದ ಸುರಂಗ ಇರುವ ಯೋಜನೆಗಳಲ್ಲಿ ಇನ್ನೊಂದು ಏರ್ಪಾಡೂ ಇರುತ್ತದೆ. ಸುರಂಗದಿಂದ ಮೇಲಕ್ಕೆ ಒಂದು ಬಾವಿ ಕೊರೆದು ಬಾಯಿ ತೆರೆದಿಡುತ್ತಾರೆ, ಅದೇ ಸರ್ಜ್ ಶಾಫ್ಟ್. ಕಂಬಳದ ಗದ್ದೆಯ ಕೊನೆಗೆ ಮಂಜೊಟ್ಟಿಯ ಏರು ಇರುವುದೇಕೆ? ಓಡಿ ಬಂದ ಕೋಣಗಳು ಗೋಡೆಗೆ ಹೊಡೆದು ನಿಲ್ಲಬಾರದು, ಏರು ಹತ್ತುತ್ತ ತಾವಾಗಿ ನಿಧಾನವಾಗಬೇಕು. ಸುರಂಗದ ನೀರೂ ಹಾಗೇ ಬಾವಿಯಲ್ಲಿ ಏರಿ ತನ್ನ ವೇಗ ಕಳೆದುಕೊಳ್ಳುತ್ತದೆ. ನಲ್ಲಿಯ ಹತ್ತಿರ ಒಂದಡಿ ಪೈಪನ್ನು ನೆಟ್ಟಗೆ ನಿಲ್ಲಿಸಿ ಮೇಲೆ ಮುಚ್ಚಳ ಹಾಕಿದರೆ, ಒಳಗೆ ಸಿಕ್ಕಿದ ಗಾಳಿ ಕುಗ್ಗಿ ಮನೆಯ ಮಟ್ಟಿಗೆ ಇದೇ ಕೆಲಸ ಮಾಡುತ್ತದೆ. ಆ ಗಾಳಿ ನಿಧಾನವಾಗಿ ನೀರಿನಲ್ಲಿ ಕರಗಿ ಹೋಗುವುದರಿಂದ ಆಗಾಗ ಲೈನ್ ಖಾಲಿ ಮಾಡಿ ತುಂಬಿಸಬೇಕು.

ಇನ್ನು ಬೈಕು. ಎಂಜಿನ್ನಿನೊಳಗೆ ಪೆಟ್ರೋಲು ಉರಿದು ಪಿಸ್ಟನ್ನನ್ನು ತಳ್ಳಿದ ಮೇಲೆಯೂ ಅನಿಲದಲ್ಲಿ ವಾಯುಮಂಡಲದ ಹಲವು ಪಟ್ಟು ಒತ್ತಡ ಉಳಿದಿರುತ್ತದೆ. ಆಗ ಹೊಗೆಯ ವಾಲ್ವ್ ತೆರೆಯುತ್ತದೆ. ನೀರಿನಲ್ಲಿ ಥಟ್ಟನೆ ಮುಚ್ಚಿದ್ದಕ್ಕೆ ಸದ್ದು, ಇಲ್ಲಿ ಥಟ್ಟನೆ ತೆರೆದದ್ದಕ್ಕೆ. ಬಿಸಿ ಅನಿಲದಲ್ಲಿ ಒತ್ತಡದ ಅಲೆ ಸೆಕೆಂಡಿಗೆ ಸುಮಾರು 500 ಮೀಟರ್ ವೇಗದಲ್ಲಿ ಓಡಿ ಕೊಳವೆಯ ಬಾಯಿಂದ ಸಿಡಿಯುತ್ತದೆ. ಒಂದೇ ಸಿಲಿಂಡರಿನ ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಎರಡು ಸುತ್ತಿಗೊಮ್ಮೆ ಇದು ನಡೆಯುತ್ತದೆ. ನಿಮಿಷಕ್ಕೆ 900 ಸುತ್ತಿನಲ್ಲಿ ನಿಂತಲ್ಲೇ ಉಸಿರಾಡುವ ಹಳೇ ಬುಲೆಟ್ಟಿನಲ್ಲಿ ಸೆಕೆಂಡಿಗೆ ಏಳೆಂಟು ಸಿಡಿತ. ಒಂದೊಂದೂ ಬೇರೆ ಬೇರೆಯಾಗಿ ಕೇಳಿಸುತ್ತದೆ. ಆ ಡುಗು ಡುಗು ಇದೇ. ವೇಗ ಏರಿದಂತೆ ಅವು ಬೆಸೆದುಕೊಂಡು ಒಂದೇ ಸ್ವರವಾಗುತ್ತವೆ.

ಸೈಲೆನ್ಸರ್ ಎಂದರೆ ಈ ಅಲೆಗೆ ಸಮಯ ಮತ್ತು ಜಾಗ ಒದಗಿಸುವ ಪೆಟ್ಟಿಗೆ. ಸಣ್ಣ ಕೊಳವೆಯಿಂದ ದೊಡ್ಡ ಕೋಣೆಗೆ ಬಂದ ಅಲೆ ಅಲ್ಲಿ ಹರಡಿಕೊಳ್ಳುತ್ತದೆ, ಒಂದು ಪಾಲು ತಲೆಕೆಳಗಾಗಿ ಹಿಂದಕ್ಕೆ ಹೋಗುತ್ತದೆ. ಒಂದರ ಹಿಂದೆ ಒಂದು ಕೋಣೆ, ನಡುವೆ ತೂತು ಕೊರೆದ ಕೊಳವೆ. ಎದುರುಬದುರಾದ ಅಲೆಗಳು ಒಂದನ್ನೊಂದು ಅಳಿಸುತ್ತವೆ. ಗಾಜಿನ ನಾರು ತುಂಬಿದ ಕಡೆ ಉಳಿದ ಸದ್ದು ಶಾಖವಾಗುತ್ತದೆ. ಹೊಗೆ ಹೊರಗೆ ಹೋಗುತ್ತದೆ, ಪೆಟ್ಟು ಒಳಗೇ ಸವೆಯುತ್ತದೆ.

ಟೂ ಸ್ಟ್ರೋಕ್ ಬೈಕಿನಲ್ಲಿ ಇದೇ ಅಲೆಯನ್ನು ದುಡಿಸಿಕೊಂಡರು. ಅಲ್ಲಿ ಹೊಸ ಪೆಟ್ರೋಲು ಗಾಳಿ ಒಳಬರುವಾಗ ಹೊಗೆಯ ದಾರಿಯೂ ತೆರೆದೇ ಇರುತ್ತದೆ. ಸ್ವಲ್ಪ ಪೆಟ್ರೋಲು ಸುಮ್ಮನೆ ಹೊರಗೆ ಹೋಗುತ್ತದೆ. ಪೂರ್ವ ಜರ್ಮನಿಯ ಎಂಜೆಡ್ ಕಾರ್ಖಾನೆಯ ವಾಲ್ಟರ್ ಕಾಡನ್ 1950ರ ದಶಕದಲ್ಲಿ ಹೊಗೆ ಕೊಳವೆಯನ್ನು ಉಬ್ಬಿಸಿ ಮತ್ತೆ ಕಿರಿದಾಗಿಸಿ, ಅಲೆ ಸರಿಯಾದ ಗಳಿಗೆಗೆ ಮರಳಿ ಬಂದು ಆ ಪೆಟ್ರೋಲನ್ನು ಒಳಕ್ಕೆ ದೂಡುವಂತೆ ಪಳಗಿಸಿದರು. 1961ರಲ್ಲಿ ಅಲ್ಲಿನ ಸವಾರ ಅರ್ನ್‌ಸ್ಟ್ ಡೆಗ್ನರ್ ದೇಶ ಬಿಟ್ಟು ಓಡಿದಾಗ ಈ ಗುಟ್ಟು ಜಪಾನಿನ ಸುಜುಕಿಯ ಪಾಲಾಯಿತು. ಅದೇ 1961ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಒಂದೇ ಸಿಲಿಂಡರಿಗೆ ಎರಡು ಹೊಗೆ ಕೊಳವೆ ಇದ್ದ ತನ್ನ ಬೈಕುಗಳನ್ನು ಮಾಡಲು ತೊಡಗಿತು. ಆಮೇಲೆ ಬಂದ ಯೆಜ್ಡಿಯ ಸದ್ದನ್ನು ನಮ್ಮ ಘಟ್ಟದ ರಸ್ತೆಗಳು ದಶಕಗಳ ಕಾಲ ಕೇಳಿವೆ.

ಸೈಲೆನ್ಸರಿನ ಒಳಗಿನ ತಗಡು ತೆಗೆಸಿದರೆ ಬೈಕಿನ ಶಕ್ತಿ ಹೆಚ್ಚುತ್ತದೆ ಎಂಬ ನಂಬಿಕೆ ಹುಡುಗರಲ್ಲಿ ಬಲವಾಗಿದೆ. ಕೊಳವೆಯ ಉದ್ದ, ಕೋಣೆಯ ಗಾತ್ರ ಎಲ್ಲವನ್ನೂ ಆ ಎಂಜಿನ್ನಿಗೆಂದೇ ಹೊಂದಿಸಿರುತ್ತಾರೆ. ಅದನ್ನು ಕೆಡಿಸಿದರೆ ಮರಳಿ ಬರುವ ಅಲೆಯ ಹೊತ್ತು ತಪ್ಪುತ್ತದೆ. ಟೂ ಸ್ಟ್ರೋಕಿನಲ್ಲಂತೂ ಶಕ್ತಿ ಎದ್ದು ಕಾಣುವಷ್ಟು ಕುಸಿಯುತ್ತದೆ. ಹೆಚ್ಚುವುದು ಸದ್ದೊಂದೇ. ಓಡುವ ಬೈಕಿನ ಸ್ವಿಚ್ ಆರಿಸಿ ಹಚ್ಚಿ ‘ಢಂ’ ಎನಿಸುವುದೂ ಅಷ್ಟೆ: ಉರಿಯದ ಪೆಟ್ರೋಲು ಕಾದ ಕೊಳವೆಗೆ ಹೋಗಿ ಅಲ್ಲಿ ಹತ್ತಿಕೊಳ್ಳುತ್ತದೆ. ಹೊಸ ಬೈಕಿನಲ್ಲಿ ಆ ಜಾಗದಲ್ಲಿರುವ, ಹೊಗೆ ಶುದ್ಧಿ ಮಾಡುವ ಕನ್ವರ್ಟರ್ ಇದರಿಂದ ಹಾಳಾಗುತ್ತದೆ.

ಕಾನೂನು ಸ್ಪಷ್ಟವಾಗಿಯೇ ಇದೆ. ಕಾರ್ಖಾನೆಯಿಂದ ಹೊರಬರುವಾಗ 80ರಿಂದ 175 ಸಿ.ಸಿ. ವರೆಗಿನ ಬೈಕಿನ ಸದ್ದು 77 ಡೆಸಿಬೆಲ್ ಮೀರಬಾರದು, ಅದಕ್ಕೂ ದೊಡ್ಡದಾದರೆ 80. ಡೆಸಿಬೆಲ್ ಹತ್ತು ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ ಮೊದಲ ಸಲ ಸಿಕ್ಕಿಬಿದ್ದರೆ ಹತ್ತು ಸಾವಿರ ರೂಪಾಯಿ ತನಕ ದಂಡ ಅಥವಾ ಮೂರು ತಿಂಗಳ ತನಕ ಜೈಲು ಅಥವಾ ಎರಡೂ, ಜೊತೆಗೆ ಮೂರು ತಿಂಗಳು ಲೈಸೆನ್ಸಿಗೆ ಅನರ್ಹತೆ.

ದಂಡಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಆ ಸದ್ದು ಎಲ್ಲಿಯವರೆಗೆ ಹೋಗುತ್ತದೆ ಎಂಬುದು. ಕಾಡಿನ ಎಲೆಗಳು ಕೀಚಲು ಸ್ವರವನ್ನು ಬೇಗ ಹೀರುತ್ತವೆ, ಎಂಜಿನ್ನಿನ ತಗ್ಗಿನ ಸ್ವರ ಮರಗಳ ನಡುವೆ ನುಸುಳಿ ಬಹುದೂರ ಸಾಗುತ್ತದೆ. ಬಾಳೆಬರೆ ಘಾಟಿಯ ತಿರುವಿನಲ್ಲಿ ಎದ್ದ ಅಬ್ಬರ ಕಣಿವೆಯ ಆಚೆ ಬದಿಗೂ ಮುಟ್ಟುತ್ತದೆ. ಈ ಕಡೆಯ ಸೋಮೇಶ್ವರ ವನ್ಯಜೀವಿಧಾಮದ ಕಾಡುಗಳಲ್ಲಿ ಸಿಂಗಳೀಕಗಳಿವೆ. ದಟ್ಟ ಮರಗಳ ನಡುವೆ ಒಂದಕ್ಕೊಂದು ಕಾಣದಿದ್ದಾಗ ಅವು ಗುಂಪು ಬಿಡದಂತೆ ಇರುವುದು ಕೂಗಿನಿಂದಲೇ. ಆ ಕೂಗಿಗೂ ಒಂದು ಮೌನ ಬೇಕು.

ಸೈಲೆನ್ಸರ್ ಬದಲಿಸದೆಯೂ ಬೈಕು ಸದ್ದು ಮಾಡತೊಡಗಿದರೆ ಎಂಜಿನ್ನಿಗೆ ಕೊಳವೆ ಸೇರುವಲ್ಲಿ ಕಿವಿ ಕೊಟ್ಟು ನೋಡಿ. ಬೆಳಿಗ್ಗೆ ತಣ್ಣಗಿರುವಾಗ ಟಿಕ್ ಟಿಕ್ ಎಂದು, ಎಂಜಿನ್ ಕಾದ ಮೇಲೆ ಕಡಿಮೆಯಾದರೆ ಅಲ್ಲಿನ ಗ್ಯಾಸ್ಕೆಟ್ ಸವೆದಿದೆ. ಲೋಹ ಹಿಗ್ಗಿ ಸಂದು ಮುಚ್ಚುವುದರಿಂದ ಸದ್ದು ತಗ್ಗುತ್ತದೆ. ನಮ್ಮ ಕರಾವಳಿಯ ಮಳೆಗೆ ಸೈಲೆನ್ಸರಿನ ತಳಭಾಗ ಒಳಗಿಂದಲೇ ತುಕ್ಕು ಹಿಡಿಯುವುದೂ ಉಂಟು, ಏಕೆಂದರೆ ಪೆಟ್ರೋಲು ಉರಿದಾಗ ಹುಟ್ಟುವ ನೀರಾವಿ ಹತ್ತಿರದ ಓಡಾಟದಲ್ಲಿ ಒಣಗದೆ ಅಲ್ಲೇ ನಿಲ್ಲುತ್ತದೆ. ವಾರಕ್ಕೊಮ್ಮೆಯಾದರೂ ಕುಂದಾಪುರದವರೆಗೆ ಓಡಿಸಿದರೆ ಆ ನೀರು ಆರುತ್ತದೆ.