ಕರು ಹಿಡಿಯುವ ಕೈ

ಹಾಲನ್ನು ಕಾಯಿಸದೆ ಕುಡಿಯಬಾರದೆಂದು ನಮ್ಮ ಮನೆಗಳ ಹಿರಿಯ ಹೆಂಗಸರಿಗೆ ಯಾರೂ ಪಾಠ ಹೇಳಬೇಕಾಗಲಿಲ್ಲ. ರೋಗಾಣುವೆಂಬ ಮಾತು ಕಿವಿಗೆ ಬೀಳುವುದಕ್ಕೆ ಎಷ್ಟೋ ಮೊದಲಿನಿಂದಲೂ ಹಾಲು ಒಲೆಯ ಮೇಲೆ ಒಮ್ಮೆ ಉಕ್ಕಿದ ಮೇಲೆಯೇ ಲೋಟಕ್ಕೆ ಇಳಿಯುತ್ತಿತ್ತು. ನೊರೆಹಾಲಿನ ರುಚಿಯನ್ನು ಹೊಗಳುವವರಿದ್ದರೂ ಈ ರೂಢಿಯೇ ಗೆದ್ದು, ಹಾಲು ಕುಡಿಯುವವರನ್ನು ಅನೇಕ ವ್ಯಾಧಿಗಳಿಂದ ಕಾಯ್ದಿದೆ. ಆದರೆ ಹಾಲು ಕುಡಿಯುವವರ ಕ್ಷೇಮವೇ ಬೇರೆ, ಹಸುವನ್ನು ಸಾಕುವವರ ಕ್ಷೇಮವೇ ಬೇರೆ. ಬ್ರುಸೆಲ್ಲೋಸಿಸ್ ರೋಗದ ವೃತ್ತಾಂತವನ್ನು ಓದುವಾಗಲೆಲ್ಲ ನನಗೆ ಈ ಭೇದವೇ ಎದ್ದು ಕಾಣುತ್ತದೆ.

ನಮ್ಮಲ್ಲಿ ಇದಕ್ಕೆ ಕಂದು ರೋಗವೆಂದು ಹೆಸರು. ನೋಡುವುದಕ್ಕೆ ಆರೋಗ್ಯವಾಗಿಯೇ ಇರುವ ಗಬ್ಬದ ಹಸು, ಐದು ತಿಂಗಳು ಕಳೆದ ಮೇಲೆ ಒಂದು ದಿನ ಕಂದು ಹಾಕುತ್ತದೆ. ಅನೇಕ ವೇಳೆ ಮಾಸು ಬೀಳದೆ ನಿಲ್ಲುತ್ತದೆ. ಮಾಸಿನಲ್ಲಿರುವ ಎರಿಥ್ರಿಟಾಲ್ ಎಂಬ ಸಕ್ಕರೆಯಂಥ ವಸ್ತು ಈ ರೋಗಾಣುವಿಗೆ ಪ್ರಿಯವಾದ ಆಹಾರ. ಆದುದರಿಂದ ಕರುವನ್ನು ಪೋಷಿಸಬೇಕಾದ ಸ್ಥಾನದಲ್ಲಿಯೇ ಅದು ಕೋಟಿಗಟ್ಟಲೆ ಬೆಳೆಯುತ್ತದೆ. ಮರುವರ್ಷ ಆ ಹಸು ದಿನ ತುಂಬಿಯೇ ಈಯಬಹುದು, ಒಡೆಯನು ಹಿಂದಿನದನ್ನು ಮರೆಯಲೂ ಬಹುದು. ರೋಗ ಮಾತ್ರ ಕೆಚ್ಚಲಿನಲ್ಲಿ ಅಡಗಿ ಕುಳಿತಿರುತ್ತದೆ.

ನಾನು ಹೇಳಿದ ಭೇದ ಸ್ಪಷ್ಟವಾಗಿ ಕಂಡುಬಂದದ್ದು ದೂರದ ಮಾಲ್ಟಾ ದ್ವೀಪದಲ್ಲಿ. 1887ರಲ್ಲಿ ಬ್ರಿಟಿಷ್ ಸೇನಾವೈದ್ಯ ಡೇವಿಡ್ ಬ್ರೂಸ್ ಅಲ್ಲಿ ಜ್ವರದಿಂದ ಮಡಿದ ಸೈನಿಕರ ಗುಲ್ಮದಿಂದ ಈ ರೋಗಾಣುವನ್ನು ಬೇರ್ಪಡಿಸಿದರು. ಅದು ಮೇಕೆಗಳಿಂದ ಬರುತ್ತದೆಂದು 1905ರಲ್ಲಿ ತೋರಿಸಿದವರು ಆ ದ್ವೀಪದವರೇ ಆದ ಥೆಮಿಸ್ಟೊಕ್ಲಿಸ್ ಝಮಿಟ್. ಮರುವರ್ಷ ಸೈನಿಕರಿಗೆ ಮೇಕೆಯ ಹಾಲನ್ನು ನಿಲ್ಲಿಸಿದರು. ಪಾಳೆಯದಲ್ಲಿ ಜ್ವರ ಇಳಿಯಿತು. ದ್ವೀಪದ ಜನಸಾಮಾನ್ಯರಲ್ಲಿ ಮಾತ್ರ ಅದು ದಶಕಗಳ ಕಾಲ ಉಳಿಯಿತು. ಮೇಕೆಯನ್ನು ಬಿಟ್ಟು ಬದುಕಬಲ್ಲವರು ಉಳಿದುಕೊಂಡರು. ಮೇಕೆಯಿಂದಲೇ ಬದುಕುವವರು ಅದನ್ನು ಬಿಡುವುದು ಹೇಗೆ?

ಹಸುಗಳು ಕಂದು ಹಾಕುವುದಕ್ಕೆ ಕಾರಣವಾದ ರೋಗಾಣುವನ್ನು ಡೆನ್ಮಾರ್ಕಿನ ಬರ್ನ್‌ಹಾರ್ಡ್ ಬ್ಯಾಂಗ್ 1897ರಲ್ಲಿಯೇ ಕಂಡಿದ್ದರು. ಮಾಲ್ಟಾದ ರೋಗಾಣುವಿಗೂ ಇದಕ್ಕೂ ನಿಕಟ ಸಂಬಂಧವುಂಟೆಂದು 1918ರಲ್ಲಿ ಅಮೆರಿಕದ ಆಲಿಸ್ ಇವಾನ್ಸ್ ಬರೆದಾಗ ಪಂಡಿತರನೇಕರು ನಂಬಲಿಲ್ಲ. 1922ರಲ್ಲಿ ಆ ರೋಗ ಆಕೆಗೇ ಅಂಟಿ, ವರ್ಷಗಟ್ಟಲೆ ಕಾಡಿತು.

ನಮ್ಮ ಹಳ್ಳಿಗಳಲ್ಲಿ ಹಸು ಈಯಲು ತಿಣುಕುವಾಗ ಒಡೆಯನು ಬರಿಗೈಯಿಂದಲೇ ಕರುವನ್ನು ಎಳೆಯುವುದನ್ನು ನಾನು ನೋಡಿದ್ದೇನೆ. ನಿಂತ ಮಾಸನ್ನು ಬಿಡಿಸುವುದೂ ಆ ಕೈಯೇ. ಮಾಸನ್ನು ಚೀಲದಲ್ಲಿ ಕಟ್ಟಿ ಆಲದ ಕೊಂಬೆಗೆ ತೂಗುಹಾಕುವ ವಾಡಿಕೆಯೂ ಉಂಟು. ರೋಗದ ಹಸುವಾದರೆ, ಕೈಮೇಲಿನ ಸಣ್ಣ ಗಾಯವೇ ರೋಗಾಣುವಿಗೆ ಬಾಗಿಲಾಗುತ್ತದೆ. ಕೆಲವು ವಾರಗಳ ಮೇಲೆ ಆತನಿಗೆ ಸಂಜೆಯ ಜ್ವರ, ಇರುಳೆಲ್ಲ ಬೆವರು, ಕೀಲುಗಳಲ್ಲಿ ನೋವು. ಮಲೇರಿಯವೆಂದೋ ವಿಷಮಶೀತ ಜ್ವರವೆಂದೋ ಔಷಧ ನಡೆಯುತ್ತದೆ. ಜ್ವರ ಬಿಟ್ಟಂತಾಗಿ ಮತ್ತೆ ಬರುತ್ತದೆ. ಮೈಗಳ್ಳನೆಂಬ ಹೆಸರೂ ಬರಬಹುದು. ರೋಗ ಇಂಥದೆಂದು ತಿಳಿದರೆ, ಎರಡು ಔಷಧಗಳನ್ನು ಕೂಡಿಸಿ ಆರು ವಾರ ಕೊಟ್ಟಾಗ ಬಹುಮಟ್ಟಿಗೆ ಗುಣವಾಗುತ್ತದೆ. ತಿಳಿಯುವುದೇ ಕಷ್ಟ. ದನದ ವೈದ್ಯರು ಒಡೆಯನ ಜ್ವರವನ್ನು ಕೇಳುವುದಿಲ್ಲ. ಮನುಷ್ಯರ ವೈದ್ಯರು ಕೊಟ್ಟಿಗೆಯ ಸುದ್ದಿಯನ್ನು ಕೇಳುವುದಿಲ್ಲ.

ಹಸುವಿನ ಪಾಡು ಇನ್ನೂ ತೊಡಕಿನದು. ರೋಗ ತಗುಲಿದ ದನವನ್ನು ಕೊಂದು ಹಿಂಡನ್ನು ಉಳಿಸುವ ಕ್ರಮ ಅನೇಕ ದೇಶಗಳಲ್ಲುಂಟು. ನಮ್ಮಲ್ಲಿ ಅದಕ್ಕೆ ಮನಸ್ಸೂ ಒಪ್ಪದು, ಕಾನೂನೂ ಸುಲಭವಾಗಿ ಒಪ್ಪದು. ಕರುವೂ ಇಲ್ಲದ, ಹಾಲೂ ಇಲ್ಲದ ಹಸುವನ್ನು ಬಡವನು ಎಷ್ಟು ದಿನ ಕಟ್ಟಿಕೊಂಡಿರಬಲ್ಲನು? ಸಂತೆಗೆ ಹೊಡೆಯುತ್ತಾನೆ. ಅದರೊಡನೆ ರೋಗವೂ ಇನ್ನೊಬ್ಬ ಬಡವನ ಕೊಟ್ಟಿಗೆಯನ್ನು ಸೇರುತ್ತದೆ. ಇದನ್ನು ಅವನ ದುಷ್ಟತನವೆನ್ನಲು ನನ್ನ ಮನಸ್ಸು ಒಪ್ಪದು. ನಷ್ಟವನ್ನು ಹಂಚಿಕೊಳ್ಳುವವರಿಲ್ಲದಾಗ ಅದನ್ನು ದಾಟಿಸುವುದೊಂದೇ ಅವನಿಗೆ ಉಳಿಯುವ ದಾರಿ.

2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಂತೆ ನಾಲ್ಕರಿಂದ ಎಂಟು ತಿಂಗಳ ಹೆಣ್ಣುಗರುಗಳಿಗೆ ಒಮ್ಮೆ ಲಸಿಕೆ ಹಾಕುತ್ತಾರೆ. ಇದು ದೊಡ್ಡ ಉಪಕಾರವೇ ಸರಿ. ಆದರೆ ಮನುಷ್ಯನಿಗೆ ಇಂಥ ಲಸಿಕೆಯಿಲ್ಲ. ಅವನಿಗಿರುವ ರಕ್ಷೆ ಒಂದು ಜೊತೆ ಕೈಗವಸು, ಮಾಸನ್ನು ಹೂಳಲು ಸುಣ್ಣ ಹಾಕಿದ ಆಳವಾದ ಗುಂಡಿ, ಮತ್ತು ಜ್ವರವೆಂದು ಬಂದ ರೈತನನ್ನು ವೈದ್ಯರು ಕೇಳಬೇಕಾದ ಒಂದು ಪ್ರಶ್ನೆ: “ಈಚೆಗೆ ನಿಮ್ಮ ಕೊಟ್ಟಿಗೆಯಲ್ಲಿ ಹಸು ಕಂದು ಹಾಕಿದ್ದುಂಟೇ?”