ಹದಿನೆಂಟು ಮೀಟರ್

ನೀರನ್ನು ಟಿಎಂಸಿಯಲ್ಲಿ, ಕ್ಯೂಸೆಕ್ಸಿನಲ್ಲಿ ಅಳೆದು ರೂಢಿಯಾದ ನಮಗೆ ಈ ಲೆಕ್ಕ ಬೇಗ ತಟ್ಟುತ್ತದೆ. ಜರ್ಮನಿಯ ಮೋನೆ ಜಲಾಶಯದಲ್ಲಿ ಹಿಡಿಯುವ ನೀರು ಸುಮಾರು 4.7 ಟಿಎಂಸಿ, ಅಂದರೆ ಕೆಆರ್‌ಎಸ್‌ನ ಹತ್ತರಲ್ಲೊಂದು ಪಾಲು. 1943ರ ಮೇ 16ರ ನಡುರಾತ್ರಿ ಕಳೆದು ಅದರ ಕಟ್ಟೆ ಒಡೆದಾಗ ನುಗ್ಗಿದ್ದು 3 ಲಕ್ಷ ಕ್ಯೂಸೆಕ್ಸಿಗೂ ಹೆಚ್ಚು! ಒಡೆದದ್ದು ಬ್ರಿಟಿಷ್ ವಾಯುಪಡೆಯ 617ನೇ ಸ್ಕ್ವಾಡ್ರನ್. ಅದು ಹುಟ್ಟಿ ಎರಡು ತಿಂಗಳೂ ತುಂಬಿರಲಿಲ್ಲ. ನಾಯಕ ಗೈ ಗಿಬ್ಸನ್‌ಗೆ 24 ವರ್ಷ.

ಟಾರ್ಪಿಡೊ ತಡೆಯಲೆಂದು ಕಟ್ಟೆಯ ಮುಂದೆ ನೀರಿಗೆ ಬಲೆ ಇಳಿಬಿಟ್ಟಿದ್ದರು. ಬಲೆಯ ಮೇಲಿಂದ ಬಾಂಬನ್ನು ಕುಪ್ಪಳಿಸಿ ದಾಟಿಸುವ ಉಪಾಯವನ್ನು ಎಂಜಿನಿಯರ್ ಬಾರ್ನ್ಸ್ ವಾಲಿಸ್ ಪರೀಕ್ಷಿಸಿದ್ದು ಮನೆಯಂಗಳದಲ್ಲಿ, ನೀರು ತುಂಬಿದ ತೊಟ್ಟಿಯ ಮೇಲೆ ಗೋಲಿ ಚಿಮ್ಮಿಸಿ. ಕೆರೆಯ ದಂಡೆಯಲ್ಲಿ ನಿಂತು ಚಪ್ಪಟೆ ಕಲ್ಲು ಬೀಸಿದವರಿಗೆಲ್ಲ ಗೊತ್ತಿರುವ ವಿದ್ಯೆಯೇ. ಆದರೆ ಇಲ್ಲಿ ಕಲ್ಲಿನ ತೂಕ 4,200 ಕಿಲೋ. ವಿಮಾನದ ಹೊಟ್ಟೆಯಡಿ ಅದು ನಿಮಿಷಕ್ಕೆ 500 ಸುತ್ತು ಹಿಮ್ಮುಖವಾಗಿ ತಿರುಗುತ್ತಿರಬೇಕು. ವಿಮಾನವೋ ನೀರಿನಿಂದ ಬರೀ 18 ಮೀಟರ್ ಮೇಲಿರಬೇಕು. ಆ ಲ್ಯಾಂಕಾಸ್ಟರ್‌ನ ರೆಕ್ಕೆಗಳ ಹರವೇ 31 ಮೀಟರ್!

ಬೆಳದಿಂಗಳಲ್ಲಿ, ಗಂಟೆಗೆ 350 ಕಿ.ಮೀ.ಗೂ ಹೆಚ್ಚು ವೇಗದಲ್ಲಿ, 18 ಮೀಟರ್ ಅಳೆಯುವುದು ಹೇಗೆ? ವಿಮಾನದ ಅಡಿಗೆ ಎರಡು ದೀಪ ಕಟ್ಟಿದರು. ಎರಡರ ಬೆಳಕಿನ ವೃತ್ತಗಳೂ ನೀರಿನ ಮೇಲೆ ಒಂದನ್ನೊಂದು ಮುಟ್ಟಿ 8ರ ಆಕಾರ ಮೂಡಿದರೆ ಎತ್ತರ ಸರಿ. ಕಟ್ಟೆಯ ಮೇಲಿದ್ದ ಫಿರಂಗಿಯವರಿಗೂ ಅದೇ ದೀಪ ಕಾಣುತ್ತಿತ್ತು ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಇನ್ನು ದೂರ ಅಳೆಯಲು ಒಂದು ಮರದ ಕವೆ, ಅದರ ಎರಡು ತುದಿಗೆ ಎರಡು ಮೊಳೆ. ಕಟ್ಟೆಯ ಎರಡು ಗೋಪುರಗಳು ಆ ಮೊಳೆಗಳ ನೇರಕ್ಕೆ ಬಂದ ಕ್ಷಣ ಬಾಂಬು ಬಿಡಬೇಕು.

ಐದನೆಯ ಬಾಂಬಿಗೆ ಮೋನೆ ಬಾಯಿಬಿಟ್ಟಿತು: 77 ಮೀಟರ್ ಅಗಲ, 22 ಮೀಟರ್ ಆಳ. ಆಮೇಲೆ ಏಡರ್ ಎಂಬ ಇನ್ನೊಂದು ಕಟ್ಟೆಯೂ ಒಡೆಯಿತು.

ಹೊರಟಿದ್ದು 19 ವಿಮಾನ, 133 ಜನ. 8 ವಿಮಾನ ಮರಳಲಿಲ್ಲ. 53 ಮಂದಿ ಸತ್ತರು, 3 ಮಂದಿ ಸೆರೆಯಾದರು. ಸುದ್ದಿ ತಿಳಿದು ವಾಲಿಸ್ ಅತ್ತುಬಿಟ್ಟರು.

ಈ ಸ್ಕ್ವಾಡ್ರನ್ನಿನ ಚರಿತ್ರೆ ಹೇಳುವವರಲ್ಲಿ ಬಹಳ ಮಂದಿ ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಕಣಿವೆಯ ಲೆಕ್ಕವೂ ಬೇಕು. ಪ್ರವಾಹದಲ್ಲಿ ಸತ್ತವರು 1,300ರಿಂದ 1,600 ಜನ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಜರ್ಮನ್ನರೇ ಅಲ್ಲ. ನೇಹೈಮ್ ಊರಿನ ಬಳಿ, ಹೊಳೆಯ ಪಕ್ಕದ ಶಿಬಿರವೊಂದರಲ್ಲೇ ನೂರಾರು ಹೆಂಗಸರು ಸತ್ತರು. ಸೋವಿಯತ್ ನೆಲದಿಂದ ಹಿಡಿದು ತಂದು ದುಡಿಸಿಕೊಳ್ಳುತ್ತಿದ್ದವರು, ಬ್ರಿಟನ್ನಿನ ಮಿತ್ರದೇಶದವರು.