ಆಪಾದಿತನು ಅರಿತಿರಬೇಕಾದ ಸಂಗತಿಗಳು

ನಮ್ಮಲ್ಲಿ ಹೆಚ್ಚು ಮಂದಿ ನ್ಯಾಯಸ್ಥಾನದ ಮೆಟ್ಟಲನ್ನು ಹತ್ತದೆಯೇ ಜೀವಮಾನವನ್ನು ಕಳೆಯುತ್ತೇವೆ; ಅದನ್ನು ಒಂದು ಪುಣ್ಯವೆಂದೇ ಭಾವಿಸುತ್ತೇವೆ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ಸುಮ್ಮನೆ ಹುಟ್ಟಿದುದಲ್ಲ. ಆದರೆ ಈ ಗಾದೆಯ ದೆಸೆಯಿಂದಲೇ ಒಂದು ಕೆಡುಕೂ ಆಗಿದೆ. ನ್ಯಾಯಸ್ಥಾನವೆಂದರೆ ಹೇಗಾದರೂ ತಪ್ಪಿಸಿಕೊಂಡು ಹೊರಗೆ ಬರಬೇಕಾದ ಸ್ಥಳವೆಂದು ನಂಬಿದವನು, ಅಲ್ಲಿ ತನಗೆ ಯಾವ ಯಾವ ಬಾಗಿಲುಗಳು ತೆರೆದಿವೆಯೆಂಬುದನ್ನು ನೋಡುವುದೇ ಇಲ್ಲ. ಮೊದಲು ಕಂಡ ಬಾಗಿಲಿನಿಂದ ಓಡಿಬಿಡುತ್ತಾನೆ.

ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ಓದಿದ್ದ ಒಬ್ಬ ತರುಣನು ಹೀಗೆಯೇ ಮಾಡಿದನು. ಬೀದಿಯಲ್ಲಿ ಇಬ್ಬರು ಜಗಳವಾಡುತ್ತಿದ್ದಾಗ ತಾನು ಬಿಡಿಸಲು ಹೋದುದಷ್ಟೆ ಎಂದು ಅವನ ಹೇಳಿಕೆ. ಗಾಯಪಡಿಸಿದನೆಂಬ ಆಪಾದನೆಯ ಮೇಲೆ ಅವನಿಗೆ ಸಮನ್ಸು ಬಂದಿತು. ಕಚೇರಿಯ ಹಜಾರದಲ್ಲಿ ಯಾರೋ ಹಿತೈಷಿಗಳು, “ಒಪ್ಪಿಕೊಂಡುಬಿಡಪ್ಪ, ಐನೂರು ರೂಪಾಯಿ ದಂಡ, ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರುತ್ತೀಯೆ” ಎಂದರು. ಅವನು ಒಪ್ಪಿಕೊಂಡನು, ದಂಡ ತೆತ್ತನು, ಊಟಕ್ಕೆ ಮನೆಯಲ್ಲಿದ್ದನು. ಮೂರು ವರ್ಷಗಳ ತರುವಾಯ ಸರ್ಕಾರಿ ಉದ್ಯೋಗದ ಅರ್ಜಿಯೊಂದನ್ನು ಹಿಡಿದುಕೊಂಡು ನಮ್ಮ ಮನೆಯ ಜಗುಲಿಗೆ ಬಂದನು. ಅದರಲ್ಲಿ ಒಂದು ಕಲಮು: ತಮಗೆ ಎಂದಾದರೂ ಅಪರಾಧಕ್ಕಾಗಿ ಶಿಕ್ಷೆಯಾಗಿದೆಯೆ? ಐನೂರು ರೂಪಾಯಿಯ ನಿಜವಾದ ಬೆಲೆ ಅವನಿಗೆ ತಿಳಿದುದು ಆಗ.

ಅವನ ಮುಂದಿದ್ದ ದಾರಿಗಳಾವುವು, ಅವನಿಗೆ ಅವು ಏಕೆ ಕಾಣಲಿಲ್ಲ ಎಂಬುದನ್ನು ವಿಚಾರಿಸುವುದೇ ಈ ಭಾಷಣದ ಉದ್ದೇಶ.

ಮೊದಲು ಕಾನೂನಿನ ಹೆಸರುಗಳನ್ನು ಹೇಳಿಬಿಡಬೇಕು. 1860ರ ದಂಡ ಸಂಹಿತೆ, 1872ರ ಸಾಕ್ಷ್ಯದ ಕಾಯಿದೆ, 1973ರ ದಂಡ ಪ್ರಕ್ರಿಯಾ ಸಂಹಿತೆ ಎಂಬ ಮೂರರ ಸ್ಥಾನದಲ್ಲಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ಸಾಕ್ಷ್ಯ ಅಧಿನಿಯಮ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಎಂಬ ಮೂರು ಜಾರಿಗೆ ಬಂದಿವೆ. ಆ ದಿನಕ್ಕಿಂತ ಮುಂಚೆ ನಡೆದ ಕೃತ್ಯಕ್ಕೆ ಹಳೆಯ ದಂಡ ಸಂಹಿತೆಯೇ ಅನ್ವಯಿಸುತ್ತದೆ; ಏಕೆಂದರೆ ಕೃತ್ಯ ನಡೆದ ಕಾಲದಲ್ಲಿ ಇದ್ದ ಕಾನೂನಿನ ಮೇರೆಗೇ ಹೊರತು ಯಾರನ್ನೂ ಶಿಕ್ಷಿಸಕೂಡದೆಂದು ಸಂವಿಧಾನದ 20ನೆಯ ಅನುಚ್ಛೇದವು ವಿಧಿಸಿದೆ. ಅಂಕೆಗಳು ಬದಲಾಗಿವೆ, ಅವಧಿಗಳು ಕೆಲವು ಹೊಸದಾಗಿವೆ. ಬುಡದಲ್ಲಿರುವ ತತ್ತ್ವಗಳು ಬಹುಮಟ್ಟಿಗೆ ಹಳೆಯವೇ.

ಪೊಲೀಸು ಠಾಣೆಯಲ್ಲಿ ದಾಖಲಾಗುವ ಪ್ರಥಮ ವರ್ತಮಾನ ವರದಿಯನ್ನು ಜನರು ಅರ್ಧ ಶಿಕ್ಷೆಯೆಂಬಂತೆ ಕಾಣುವುದುಂಟು. ಅದು ಒಬ್ಬನು ಹೇಳಿದ ಮಾತನ್ನು ಬರೆದುಕೊಂಡ ಕಾಗದ, ಅಷ್ಟೆ. ಅದರಲ್ಲಿ ಏನಿದೆಯೆಂಬುದನ್ನು ಆಪಾದಿತನು ಮೊದಲು ಓದಬೇಕು. ಸೂಕ್ಷ್ಮ ಸ್ವರೂಪದ ಪ್ರಕರಣಗಳ ಹೊರತು ಉಳಿದ ವರದಿಗಳನ್ನು 24 ಗಂಟೆಗಳೊಳಗೆ ಅಂತರ್ಜಾಲದಲ್ಲಿ ಪ್ರಕಟಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2016ರಲ್ಲಿ ಆಜ್ಞಾಪಿಸಿತು. ಹೀಗಿದ್ದರೂ ತಮ್ಮ ಮೇಲೆ ಯಾವ ಕಲಮಿನ ಮೇರೆಗೆ ಆಪಾದನೆ ಬಂದಿದೆಯೆಂಬುದನ್ನು ತಿಳಿಯದೆಯೇ ತಿಂಗಳುಗಟ್ಟಲೆ ಅಲೆದಾಡುವವರನ್ನು ನಾವು ಕಂಡಿದ್ದೇವೆ. ಕಲಮು ತಿಳಿಯದಿದ್ದರೆ ಅಪರಾಧವು ಜಾಮೀನಿಗೆ ಅರ್ಹವೇ, ರಾಜಿಗೆ ಒಳಪಡುವುದೇ, ವಾರಂಟಿಲ್ಲದೆ ದಸ್ತಗಿರಿ ಮಾಡಬಹುದಾದುದೇ ಎಂಬ ಮೂರು ಮುಖ್ಯ ಪ್ರಶ್ನೆಗಳಲ್ಲಿ ಒಂದಕ್ಕೂ ಉತ್ತರ ಸಿಕ್ಕುವುದಿಲ್ಲ.

ದಸ್ತಗಿರಿಯ ವಿಷಯದಲ್ಲಿ ಸಂವಿಧಾನದ 22ನೆಯ ಅನುಚ್ಛೇದವು ಸ್ಪಷ್ಟವಾಗಿದೆ. ಕಾರಣವನ್ನು ತಿಳಿಸಬೇಕು, ತನಗೆ ಬೇಕಾದ ವಕೀಲನನ್ನು ಕಾಣಲು ಅವಕಾಶವಿರಬೇಕು, ಪ್ರಯಾಣದ ಕಾಲವನ್ನು ಬಿಟ್ಟು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಏಳು ವರ್ಷಗಳವರೆಗೆ ಮಾತ್ರ ಕಾರಾವಾಸ ವಿಧಿಸಬಹುದಾದ ಅಪರಾಧಗಳಲ್ಲಿ ದಸ್ತಗಿರಿಯು ಯಾಂತ್ರಿಕವಾಗಿ ನಡೆಯತಕ್ಕದ್ದಲ್ಲ, ಅವಶ್ಯಕತೆಯಿಲ್ಲದಿದ್ದರೆ ಹಾಜರಾಗುವಂತೆ ನೋಟೀಸು ಕೊಡತಕ್ಕದ್ದು ಎಂದು 2014ರಲ್ಲಿ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ತೀರ್ಪಾಯಿತು. ಹೊಸ ಸಂಹಿತೆಯಲ್ಲಿ ವೃದ್ಧರಿಗೆ ಒಂದು ರಕ್ಷಣೆ ಸೇರಿದೆ: ಮೂರು ವರ್ಷಗಳಿಗಿಂತ ಕಡಿಮೆ ಶಿಕ್ಷೆಯ ಅಪರಾಧದಲ್ಲಿ ಅರುವತ್ತು ದಾಟಿದವರನ್ನಾಗಲಿ ಅಶಕ್ತರನ್ನಾಗಲಿ ದಸ್ತಗಿರಿ ಮಾಡಲು ಡೆಪ್ಯುಟಿ ಸೂಪರಿಂಟೆಂಡೆಂಟರ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಮುನ್ನನುಮತಿ ಬೇಕು. ನೋಟೀಸು ಬಂದವನು ಮಾತ್ರ ತಪ್ಪದೆ ಹೋಗಬೇಕು. ಹೋಗದಿರುವುದೇ ದಸ್ತಗಿರಿಗೆ ಕಾರಣವಾದೀತು.

ಠಾಣೆಯೊಳಗೆ ಕುಳಿತವನು ಏನು ಮಾತನಾಡಬೇಕು? ಈ ಪ್ರಶ್ನೆಯಲ್ಲಿ ಸ್ವಲ್ಪ ನಿಲ್ಲೋಣ. ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಯಾರನ್ನೂ ಬಲಾತ್ಕರಿಸಕೂಡದು ಎಂಬುದು ಸಂವಿಧಾನದ ಮಾತು. ಹೆಸರು, ವಿಳಾಸ ಮುಂತಾದುವನ್ನು ನಿಜವಾಗಿ ಹೇಳಬೇಕು. ತನ್ನನ್ನು ಅಪರಾಧಕ್ಕೆ ಸಿಕ್ಕಿಸುವ ಪ್ರಶ್ನೆಗೆ ಉತ್ತರಿಸದಿರಬಹುದು. ತನಿಖೆಯಲ್ಲಿ ಪೊಲೀಸರು ಬರೆದುಕೊಂಡ ಹೇಳಿಕೆಗೆ ಹೇಳಿದವನಿಂದ ರುಜು ಪಡೆಯಕೂಡದೆಂದು ಸಂಹಿತೆಯೇ ವಿಧಿಸಿದೆ. ಬರಿಯ ಕಾಗದಕ್ಕೆ ರುಜು ಹಾಕುವ ಮಾತಂತೂ ದೂರವೇ ಉಳಿಯಲಿ. ಪೊಲೀಸು ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆಪಾದಿತನ ವಿರುದ್ಧ ರುಜುವಾತುಪಡಿಸುವಂತಿಲ್ಲ. ಇದಕ್ಕೆ ಒಂದು ಅಪವಾದವುಂಟು: ಬಂಧನದಲ್ಲಿದ್ದವನು ಹೇಳಿದ ಮಾತಿನಿಂದ ಯಾವುದಾದರೊಂದು ವಸ್ತುವೋ ಸಂಗತಿಯೋ ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಸಂಬಂಧಿಸಿದಷ್ಟು ಭಾಗ ಸಾಕ್ಷ್ಯಕ್ಕೆ ಬರುತ್ತದೆ. ಮದ್ದು ಚುಚ್ಚಿ ಅರೆಪ್ರಜ್ಞೆಯಲ್ಲಿ ಮಾತನಾಡಿಸುವುದು, ಸುಳ್ಳು ಪತ್ತೆಹಚ್ಚುವ ಯಂತ್ರಕ್ಕೆ ಕೂರಿಸುವುದು, ಮಿದುಳಿನ ತರಂಗಗಳನ್ನು ಅಳೆಯುವುದು, ಇವೊಂದನ್ನೂ ಸಮ್ಮತಿಯಿಲ್ಲದೆ ಮಾಡಕೂಡದೆಂದು 2010ರಲ್ಲಿ ನಿರ್ಣಯವಾಯಿತು. ಆ ಪ್ರಕರಣದ ಹೆಸರು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಎಂಬುದು ನಮ್ಮವರಿಗೆ ನೆನಪಿರುವುದು ಒಳ್ಳೆಯದು.

ಇನ್ನು ಜಾಮೀನು. ಜಾಮೀನಿಗೆ ಅರ್ಹವಾದ ಅಪರಾಧದಲ್ಲಿ ಅದು ಹಕ್ಕು; ಉಳಿದವುಗಳಲ್ಲಿ ನ್ಯಾಯಾಧೀಶರ ವಿವೇಚನೆ. ದಸ್ತಗಿರಿಯ ಭಯವಿರುವವನು ಸೆಷನ್ಸ್ ನ್ಯಾಯಾಲಯದಲ್ಲಾಗಲಿ ಹೈಕೋರ್ಟಿನಲ್ಲಾಗಲಿ ನಿರೀಕ್ಷಣಾ ಜಾಮೀನನ್ನು ಬೇಡಬಹುದು. ತನಿಖೆಯು 60 ದಿನಗಳಲ್ಲಿ, ಗುರುತರವಾದ ಅಪರಾಧಗಳಲ್ಲಿ 90 ದಿನಗಳಲ್ಲಿ, ಮುಗಿಯದಿದ್ದರೆ ಬಂಧನದಲ್ಲಿರುವವನು ಜಾಮೀನು ಕೊಡಲು ಸಿದ್ಧನಿದ್ದಲ್ಲಿ ಬಿಡುಗಡೆ ಹೊಂದುವ ಹಕ್ಕುಳ್ಳವನಾಗುತ್ತಾನೆ. ಆದರೆ ಅರ್ಜಿ ಹಾಕಬೇಕು. ವರದಿ ಬರುವುದಕ್ಕೆ ಮೊದಲು ಕೇಳದಿದ್ದರೆ ಆ ಹಕ್ಕು ಕೈಬಿಟ್ಟುಹೋಗುತ್ತದೆ.

ಜಾಮೀನು ಮಂಜೂರಾದ ಮಾತ್ರಕ್ಕೆ ಬಡವನು ಹೊರಗೆ ಬಂದನೆಂದಲ್ಲ. ಮೋತಿರಾಂ ಎಂಬ ಮಧ್ಯಪ್ರದೇಶದ ಗಾರೆ ಕೆಲಸದವನಿಗೆ ಸರ್ವೋಚ್ಚ ನ್ಯಾಯಾಲಯವೇ ಜಾಮೀನು ಕೊಟ್ಟಿತು. ಕೆಳಗಿನ ಮ್ಯಾಜಿಸ್ಟ್ರೇಟರು ಹತ್ತು ಸಾವಿರ ರೂಪಾಯಿಗಳ ಭದ್ರತೆಯನ್ನು ಕೇಳಿದರು. ಅವನ ತಮ್ಮನೋ ಅಣ್ಣನೋ ಹೊಣೆ ನಿಲ್ಲಲು ಬಂದರೆ, ಆಸ್ತಿಯು ಬೇರೆ ಜಿಲ್ಲೆಯಲ್ಲಿದೆಯೆಂದು ತಿರಸ್ಕರಿಸಿದರು. 1978ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಈ ಆಜ್ಞೆಯನ್ನು ತಳ್ಳಿಹಾಕಿ, ಸಾವಿರ ರೂಪಾಯಿಗಳ ಸ್ವಂತ ಮುಚ್ಚಳಿಕೆಯ ಮೇಲೆ ಅವನನ್ನು ಬಿಡಬೇಕೆಂದರು. ಬಸ್ತರಿನಲ್ಲೋ ಪೋರ್ಟ್ ಬ್ಲೇರಿನಲ್ಲೋ ಒಬ್ಬ ಕನ್ನಡಿಗನೋ ಮಲೆಯಾಳಿಯೋ ದಸ್ತಗಿರಿಯಾದರೆ ಅಲ್ಲಿ ಆಸ್ತಿಯುಳ್ಳ ಜಾಮೀನುದಾರನನ್ನು ಎಲ್ಲಿಂದ ತಂದಾನು ಎಂಬರ್ಥದ ಪ್ರಶ್ನೆಯನ್ನು ಅವರು ಎತ್ತಿದರು. ಜಾಮೀನಿಗೆ ಅರ್ಹವಾದ ಅಪರಾಧದಲ್ಲಿ ಒಂದು ವಾರದೊಳಗೆ ಹೊಣೆಗಾರನನ್ನು ತರಲಾರದವನನ್ನು ನಿರ್ಗತಿಕನೆಂದು ಭಾವಿಸಿ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬಹುದೆಂಬ ವಿಧಿಯು ಇಂದು ಸಂಹಿತೆಯಲ್ಲೇ ಇದೆ. ವಿಚಾರಣೆಯ ಕಾಲದಲ್ಲೇ ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲವನ್ನು, ಮೊದಲ ಸಲದ ಆಪಾದಿತನಾದರೆ ಮೂರನೆಯ ಒಂದು ಭಾಗವನ್ನು, ಸೆರೆಯಲ್ಲಿ ಕಳೆದವನಿಗೂ ಬಿಡುಗಡೆಯ ಮಾರ್ಗವಿದೆ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ ಇದು ಸಲ್ಲದು. ಒಂದಕ್ಕಿಂತ ಹೆಚ್ಚು ಮೊಕದ್ದಮೆಗಳು ಬಾಕಿಯಿರುವವನಿಗೂ ಸಲ್ಲದು.

ಚಾರ್ಜು ಎಂಬ ಮಾತಿನಲ್ಲಿ ಒಂದು ಗೊಂದಲವುಂಟು. ಪೊಲೀಸರು ಸಲ್ಲಿಸುವ ಚಾರ್ಜ್‌ಶೀಟು ಬೇರೆ, ನ್ಯಾಯಾಧೀಶರು ಹೊರಿಸುವ ಚಾರ್ಜು ಬೇರೆ. ಮೊದಲನೆಯದು ಪೊಲೀಸರ ಅಭಿಪ್ರಾಯ. ಅದರ ಮತ್ತು ಜೊತೆಯ ದಾಖಲೆಗಳ ಪ್ರತಿಗಳನ್ನು ಆಪಾದಿತನಿಗೆ ಧರ್ಮಾರ್ಥವಾಗಿ ಕೊಡಬೇಕು. ಇವೆರಡರ ನಡುವಣ ಬಿಡುವೇ ಮುಖ್ಯ. ಸೆಷನ್ಸ್ ಮತ್ತು ವಾರಂಟು ಮೊಕದ್ದಮೆಗಳಲ್ಲಿ ಆಧಾರ ಸಾಲದೆಂದು ತೋರಿಸಿ, ವಿಚಾರಣೆಯೇ ಇಲ್ಲದೆ ಬಿಡುಗಡೆ ಮಾಡಬೇಕೆಂದು ಆಗ ಕೇಳಬಹುದು. ಹೊಸ ಸಂಹಿತೆಯು ಇದಕ್ಕೆ 60 ದಿನಗಳ ಗಡುವನ್ನು ಇಟ್ಟಿದೆ. ಮೊಕದ್ದಮೆಯೇ ದುರುದ್ದೇಶದಿಂದ ಹೂಡಿದುದಾದರೆ ಹೈಕೋರ್ಟಿಗೆ ಹೋಗಿ ರದ್ದುಪಡಿಸಿಕೊಳ್ಳಬಹುದು. ನಮ್ಮ ತರುಣನದು ಸಮನ್ಸು ಮೊಕದ್ದಮೆ. ಅಲ್ಲಿ ಆಪಾದನೆಯ ಸಾರಾಂಶವನ್ನು ಓದಿ ಹೇಳಿ, ಒಪ್ಪುತ್ತೀಯೋ ಇಲ್ಲವೋ ಎಂದು ಕೇಳುವರು. ಇಡೀ ಪ್ರಕರಣವು ಆ ಒಂದು ನಿಮಿಷದಲ್ಲಿ ತಿರುಗುತ್ತದೆ.

ಇಲ್ಲವೆಂದರೆ ಏನಾಗುತ್ತಿತ್ತು? ರುಜುವಾತಿನ ಹೊರೆಯು ಫಿರ್ಯಾದು ಪಕ್ಷದ ಮೇಲೆ ಬೀಳುತ್ತಿತ್ತು. ಸಕಾರಣವಾದ ಸಂಶಯಕ್ಕೆ ಎಡೆಯಿಲ್ಲದಂತೆ ಅವರು ತೋರಿಸಬೇಕು. ಆಪಾದಿತನು ತನ್ನ ನಿರ್ದೋಷತೆಯನ್ನು ಸಾಧಿಸಬೇಕಾಗಿಲ್ಲ. ಸಾಕ್ಷಿಗಳನ್ನು ಪಾಟೀಸವಾಲು ಮಾಡಬಹುದು. ಕೊನೆಯಲ್ಲಿ ನ್ಯಾಯಾಧೀಶರು ಪ್ರಮಾಣವಿಲ್ಲದೆ ಅವನ ವಿವರಣೆಯನ್ನು ಕೇಳುವರು. ತನ್ನ ಕಡೆಯ ಸಾಕ್ಷಿಗಳನ್ನು ಕರೆಸಬಹುದು. ತಾನು ಸಾಕ್ಷಿಕಟ್ಟೆ ಹತ್ತದಿದ್ದರೆ ಅದರಿಂದ ಪ್ರತಿಕೂಲವಾದ ಊಹೆ ಮಾಡುವಂತಿಲ್ಲ. ಆತ್ಮರಕ್ಷಣೆ, ಬುದ್ಧಿಭ್ರಮೆ ಮುಂತಾದ ಅಪವಾದಗಳನ್ನು ಹಿಡಿದರೆ ಅದರ ಹೊರೆ ಆಪಾದಿತನದು. ಆದರೆ ಅದು ಹಗುರವಾದ ಹೊರೆ, ಸಂಭವನೀಯತೆ ತನ್ನ ಕಡೆಗಿದೆಯೆಂದು ತೋರಿಸಿದರೆ ಸಾಕು.

ಇನ್ನೂ ಸುಲಭವಾದ ದಾರಿಯೊಂದಿತ್ತು. ಸ್ವಇಚ್ಛೆಯಿಂದ ಸಾಮಾನ್ಯ ಗಾಯಪಡಿಸಿದ ಅಪರಾಧವು ಗಾಯಗೊಂಡವನು ರಾಜಿಮಾಡಿಕೊಳ್ಳಬಹುದಾದುದು. ರಾಜಿಯಾದರೆ ಕಾನೂನಿನ ದೃಷ್ಟಿಯಲ್ಲಿ ಖುಲಾಸೆಯೇ. ಫಿರ್ಯಾದಿಯು ಅದೇ ಬೀದಿಯವನು. ನಾಲ್ಕು ಮಾತಿನಲ್ಲಿ ಮುಗಿಯುತ್ತಿತ್ತು. ತಾನೇ ಒಪ್ಪಿಕೊಂಡವನಿಗಾದರೋ ಶಿಕ್ಷೆಯ ಪ್ರಮಾಣ, ಸಕ್ರಮತೆಗಳ ವಿಷಯವಾಗಿ ಹೊರತು ಅಪೀಲಿನ ಹಕ್ಕು ಉಳಿಯುವುದಿಲ್ಲ. ಚೌಕಾಸಿಯಿಂದ ತಪ್ಪೊಪ್ಪಿಕೊಂಡು ಶಿಕ್ಷೆಯನ್ನು ಇಳಿಸಿಕೊಳ್ಳುವ ಪದ್ಧತಿಯೂ 2006ರಿಂದ ನಮ್ಮಲ್ಲಿದೆ. ಅದರಲ್ಲಿಯೂ ಕೊನೆಗೆ ಉಳಿಯುವುದು ಅಪರಾಧಿಯೆಂಬ ದಾಖಲೆ.

ವಕೀಲರನ್ನು ಹಿಡಿಯಲು ಹಣವಿರಲಿಲ್ಲವೆಂದು ಅವನು ಹೇಳಿದನು. ಹಣ ಬೇಕಾಗಿರಲಿಲ್ಲ. 1979ರಲ್ಲಿ ಬಿಹಾರದ ವಿಚಾರಣಾಧೀನ ಕೈದಿಗಳ ಹುಸೈನಾರಾ ಖಾತೂನ್ ಪ್ರಕರಣದಲ್ಲಿ ಉಚಿತ ಕಾನೂನು ನೆರವು ಜೀವದ ಹಕ್ಕಿನ ಅಂಗವೆಂದು ನಿರ್ಣಯವಾಯಿತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ ಮೇರೆಗೆ ಬಂಧನದಲ್ಲಿರುವವರು, ಸ್ತ್ರೀಯರು, ಮಕ್ಕಳು, ಪರಿಶಿಷ್ಟ ಜಾತಿ ವರ್ಗಗಳವರು ವರಮಾನದ ಲೆಕ್ಕವಿಲ್ಲದೆಯೂ, ಉಳಿದವರು ವರಮಾನದ ಮಿತಿಗೆ ಒಳಪಟ್ಟೂ ವಕೀಲರನ್ನು ಪಡೆಯುವರು. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಸಾಮಾನ್ಯವಾಗಿ ಆ ಕಚೇರಿ ಇರುತ್ತದೆ. 15100 ಎಂಬ ದೂರವಾಣಿಯೂ ಉಂಟು.

ಅಂತಹ ವಕೀಲರೊಬ್ಬರು ಜೊತೆಗಿದ್ದಿದ್ದರೆ, ಅಪರಾಧ ಸ್ಥಾಪಿತವಾದ ಮೇಲೂ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯಿದೆಯನ್ನು ಎತ್ತಿ, ಎಚ್ಚರಿಕೆ ಹೇಳಿ ಬಿಡಬೇಕೆಂದು ಕೇಳುತ್ತಿದ್ದರು. ಹಾಗೆ ಬಿಡಲ್ಪಟ್ಟವನಿಗೆ ಶಿಕ್ಷೆಯಿಂದ ಬರುವ ಅನರ್ಹತೆ ತಗುಲದೆಂದು ಅದರ 12ನೆಯ ಕಲಮು ಹೇಳುತ್ತದೆ. ನಾವು ಇದನ್ನು ಅವನಿಗೆ ಓದಿ ಹೇಳಿದಾಗ ಅವನು ಬಹಳ ಹೊತ್ತು ಮಾತನಾಡಲಿಲ್ಲ. ಕಲಮಿನ ಎದುರಿಗೆ ಏನೂ ಇಲ್ಲವೆಂದು ಬರೆದುಬಿಡಲೇ ಎಂದು ಕೇಳಿದನು. ಬೇಡವೆಂದೆವು, ಸಣ್ಣ ಅಪರಾಧವನ್ನು ಉದ್ಯೋಗದಾತರು ಮನ್ನಿಸಲೂಬಹುದು, ಮರೆಮಾಚುವುದೇ ಕೆಲಸಕ್ಕೆ ಮುಳುವಾದೀತು ಎಂಬುದು 2016ರ ಅವತಾರ್ ಸಿಂಗ್ ಪ್ರಕರಣದಿಂದ ತಿಳಿದುಬರುತ್ತದೆ. ಅವನು ಇದ್ದುದನ್ನು ಇದ್ದಂತೆ ಬರೆದು, ದಂಡದ ರಸೀತಿಯ ನಕಲನ್ನು ಲಗತ್ತಿಸಿದನು. ಉತ್ತರವು ಬರಲು ಹದಿನಾಲ್ಕು ತಿಂಗಳು ಹಿಡಿಯಿತು. ಅನುಕೂಲವಾಗಿಯೇ ಬಂದಿತು, ಆದರೆ ಅವನ ಜೊತೆಯಲ್ಲಿ ಆಯ್ಕೆಯಾದವರು ಅಷ್ಟು ಹೊತ್ತಿಗೆ ಒಂದು ವರ್ಷದ ಸೇವೆಯನ್ನು ಮುಗಿಸಿದ್ದರು.